ನೀರು ಕೊಡದವರು ಯಾರು?: ವಾಕ್ಯವೈವಿಧ್ಯದ ಪಾಠ ಮತ್ತು ದಲಿತ ವಿಮರ್ಶೆ

ದಲಿತ ವಿಮರ್ಶೆ ಇಲ್ಲಿಯತನಕ ವಸ್ತುವಿನ ಬಗ್ಗೆ, ಸಂವೇದನೆಯ ಬಗ್ಗೆ, ಪ್ರತಿಭಟನೆಯ ಬಗ್ಗೆ ಸಾಕಷ್ಟು ಮಾತಾಡಿದೆ. ವಾಕ್ಯದ ಬಗ್ಗೆ ಮಾತಾಡಿದ್ದು ಕಡಿಮೆ. ಅದು ವ್ಯಾಕರಣದ ಮೇಷ್ಟ್ರ ಕೆಲಸ, ನಮ್ಮದಲ್ಲ ಎಂದು ನಾವೇ ಒಪ್ಪಿಕೊಂಡುಬಿಟ್ಟಂತಿದೆ. ಆದರೆ ಬೆಳಗಾವಿಯಲ್ಲಿ ಪದವಿ ತರಗತಿಗೆ ಕನ್ನಡ ಹೇಳುವ ನನಗೆ ಯಜಮಾನಿಕೆಯ ರಾಜಕಾರಣ ಮೊದಲು ಎದುರಾಗುವುದೇ ಹುಡುಗರ ವಾಕ್ಯದೊಳಗೆ.

ಖಾನಾಪುರ ಇಲ್ಲಿಂದ ಸುಮಾರು 25 ಕಿ.ಮೀ. ಆ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗ ಹುಡುಗಿಯರಲ್ಲಿ ಹಲವರಿಗೆ ಮನೆಯೊಳಗೆ ಮರಾಠಿ, ಶಾಲೆಯೊಳಗೆ ಕನ್ನಡ, ಸಂತೆಯೊಳಗೆ ಎರಡೂ. ಅಂಥ ಊರೊಂದರ ಕೇರಿಯ ಹುಡುಗಿ ತನ್ನ ಪ್ರಬಂಧದಲ್ಲಿ ಹೀಗೆ ಬರೆದಿದ್ದಳು: 'ಗೌಡ್ರು ಬಾವಿ ಮುಟ್ಟಗೊಡ್ತಿರಲಿಲ್ಲ. ನಮ್ಮಜ್ಜಿ ದೂರ ನಿಲ್ತಿದ್ಲು. ಯಾರರ ಬಂದ್ರ ನೀರು ಹಾಕ್ತಿದ್ರು. ಬರಲಿಲ್ಲಂದ್ರ ನಿಲ್ತಿದ್ಲು.'

ಈ ಹಾಳೆ ನನ್ನ ಕೈಗೆ ಬಂದದ್ದು ಬೇರೊಬ್ಬರು ತಿದ್ದಿದ ಮೇಲೆ. 'ವಾಕ್ಯಗಳು ತುಂಡುತುಂಡು, ವೈವಿಧ್ಯವಿಲ್ಲ' ಎಂಬ ಷರಾದ ಕೆಳಗೆ ಕೆಂಪು ಶಾಯಿಯ ವಾಕ್ಯವಿತ್ತು: 'ದಲಿತರಿಗೆ ಬಾವಿಯ ನೀರನ್ನು ನಿರಾಕರಿಸಲಾಗುತ್ತಿದ್ದುದರಿಂದ ನನ್ನ ಅಜ್ಜಿಯವರು ಬಹಳ ಹೊತ್ತು ಕಾಯಬೇಕಾಗುತ್ತಿತ್ತು.' ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ನಾಲ್ಕು ವಾಕ್ಯ ಒಂದಾಗುವಷ್ಟರಲ್ಲಿ ಗೌಡರು ಪಾರಾಗಿದ್ದಾರೆ. ಎರಡು ಸಲ ನಿಂತ ಅಜ್ಜಿಯ ನಿಲ್ಲುವಿಕೆ 'ಬಹಳ ಹೊತ್ತು' ಎಂಬ ಎರಡು ಸಪ್ಪೆ ಪದಗಳಾಗಿದೆ. ತರಗತಿಯಲ್ಲಿ ಎರಡನ್ನೂ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: 'ಸರ್, ಎರಡನೇದ್ರಾಗ ನೀರು ಕೊಡದಾವ್ರು ಯಾರ್ರಿ?' ಶೈಲಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಆಡುಗನ್ನಡದಲ್ಲಿ ಕರ್ಮಣಿ ಪ್ರಯೋಗ ಬಲು ಅಪರೂಪ. 'ಲಾಗಿದೆ', 'ಲ್ಪಟ್ಟಿತು' ಎಂಬುವೆಲ್ಲ ಕಚೇರಿಯಿಂದ, ಪತ್ರಿಕೆಯಿಂದ, ಗೈಡಿನಿಂದ ಹುಡುಗರ ಬರವಣಿಗೆಗೆ ಇಳಿದಿವೆ. ಬೆಂಕಿ ಹಚ್ಚಲಾಯಿತು, ಬಹಿಷ್ಕಾರ ಹಾಕಲಾಯಿತು. ಮಾಡಿದವನು ಮಾತ್ರ ಎಲ್ಲೂ ಇಲ್ಲ. ಹಾಗಂತ ಕರ್ಮಣಿಯೆಲ್ಲ ಕಳ್ಳತನವಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುವುದು ಕರ್ಮಣಿಯಲ್ಲೇ. ಅಲ್ಲಿ ಕರ್ತೃ ಅಡಗಿಲ್ಲ, ಇಡೀ ಗಣರಾಜ್ಯವೇ ಕರ್ತೃ. ಯಾವ ಕರ್ಮಣಿ ಯಾರನ್ನು ಅಡಗಿಸುತ್ತದೆ ಎಂಬುದನ್ನು ಹುಡುಗರು ಗುರುತಿಸಬೇಕು.

ಇದಕ್ಕೆ ಎದುರಾದ ಇನ್ನೊಂದು ಅಪಾಯ ನಮ್ಮೊಳಗೇ ಇದೆ. 'ದಲಿತರ ಭಾಷೆ ಹಸಿ, ಒರಟು, ಅದೇ ಅದರ ಸತ್ವ' ಎಂದು ಹೊಗಳಿ ತಿದ್ದುವುದನ್ನೇ ಕೈಬಿಡುವ ಔದಾರ್ಯ ಅದು. ಇದೂ ದೂರ ನಿಲ್ಲಿಸುವ ಬಗೆಯೇ. ನಮ್ಮ ಹುಡುಗರಿಗೂ ಕಸುಬು ಬೇಕು. ಪುಟದ ತುಂಬ 'ಆಮೇಲೆ' 'ಆಮೇಲೆ' ಎಂದು ಒಂದೇ ಅಳತೆಯ ವಾಕ್ಯ ಜೋಡಿಸಿದರೆ ಯಾವ ನೋವೂ ಓದುಗನನ್ನು ಮುಟ್ಟುವುದಿಲ್ಲ.

ಕನ್ನಡದ ಜಾಯಮಾನದಲ್ಲೇ ಇದಕ್ಕೆ ದಾರಿ ಇದೆ. ಎದ್ದು, ಹೊತ್ತು, ಹೋಗಿ, ನಿಂತು ಎಂಬ ಕೃದಂತಾವ್ಯಯಗಳ ಸಾಲು ಒಬ್ಬನೇ ಕರ್ತೃವಿನ ಮೇಲೆ ಕೆಲಸದ ಮೇಲೆ ಕೆಲಸ ಹೇರಬಲ್ಲದು. ಅದೇ ಹುಡುಗಿ ಮತ್ತೆ ಬರೆದಳು: 'ಕತ್ತಲಿದ್ದಾಗಲೇ ಎದ್ದು, ಕೊಡ ಹೊತ್ತು, ಬಾವಿತನಕ ಹೋಗಿ, ದಂಡೆ ಮುಟ್ಟದ ಹಾಗೆ ನಿಂತು, ಬಂದವರನ್ನೆಲ್ಲ ಬೇಡಿ ನಮ್ಮಜ್ಜಿ ನೀರು ತರ್ತಿದ್ಲು. ಗೌಡ್ರು ಮುಟ್ಟಗೊಡ್ತಿರಲಿಲ್ಲ.' ಉದ್ದದ ವಾಕ್ಯದಲ್ಲಿ ಅಜ್ಜಿಯ ದುಡಿಮೆ ಇದೆ, ಗಿಡ್ಡ ವಾಕ್ಯದಲ್ಲಿ ಗೌಡರ ದರ್ಪ ಇದೆ. ವೈವಿಧ್ಯ ಇಲ್ಲಿ ಒಡವೆಯಾಗಿಲ್ಲ, ಅರ್ಥವಾಗಿದೆ.

ನಮ್ಮ ಲೇಖಕರನ್ನೂ ಈ ಕಣ್ಣಿನಿಂದ ಓದಬೇಕು. 1984ರ 'ಕುಸುಮಬಾಲೆ'ಯಲ್ಲಿ ದೇವನೂರ ಮಹಾದೇವ ಮಂಚಕ್ಕೂ ಜೋತಮ್ಮಂದಿರಿಗೂ ಮಾತು ಕೊಟ್ಟರು. ಯಾರು ಕರ್ತೃವಾಗಬಲ್ಲರು ಎಂಬ ಕಟ್ಟಳೆಯನ್ನೇ ಅದು ಒಡೆಯಿತು. 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಿಡಿ ಬಿಡಿ ಘಟನೆಗಳಲ್ಲಿ 'ನಾನು' ಎಂಬ ಕರ್ತೃವನ್ನು ನಿಲ್ಲಿಸಿತು. ಆ 'ನಾನು' ಮುದ್ದೇಬಿಹಾಳದ್ದು, ನಮ್ಮ ಹುಡುಗರ ಕಿವಿಗೆ ಹತ್ತಿರದ್ದು. ಮಹಾದೇವರ ನಂಜನಗೂಡು ಸೀಮೆಯ ನುಡಿ ಇವರಿಗೆ ತೊಡಕು. ತೊಡಕಾದರೇನು, ಅನುಕರಿಸಲೆಂದು ಅದನ್ನು ಓದಿಸುವುದಲ್ಲ. ತನ್ನ ಸೀಮೆಯ ನುಡಿಯಲ್ಲೇ ಇಷ್ಟು ಕಟ್ಟಬಹುದು ಎಂಬ ಧೈರ್ಯಕ್ಕಾಗಿ ಓದಿಸುವುದು.

1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಕೈಯಾರೆ ಎತ್ತಿ ಕುಡಿದರು. ನೀರು ಕುಡಿಯಲಾಯಿತು ಎಂದು ಅದನ್ನು ಬರೆಯಲಾಗದು. ದಲಿತ ವಿಮರ್ಶೆಗೆ ಒಂದು ವಾಕ್ಯಮೀಮಾಂಸೆ ಬೇಕಾಗಿದೆ. ಅದು ಕ್ರಿಯಾಪದದ ಎದುರು ನಿಂತು, ಮಾಡಿದವರು ಯಾರು ಎಂದು ಕೇಳುವುದರಿಂದ ಶುರುವಾಗಲಿ.