ಬ್ರೂಟಸನ ಬೆಳ್ಳಿಯ ನಾಣ್ಯ

ಕಾವ್ಯದಲ್ಲಿ ಮಾತು ಮಿತವಾದಷ್ಟೂ ಧ್ವನಿಯು ಹೆಚ್ಚುವುದುಂಟು. ಈ ನಿಯಮವು ಶಿಲ್ಪಕ್ಕೂ ಸಲ್ಲುವುದೆಂಬುದಕ್ಕೆ ಪ್ರಾಚೀನ ರೋಮಿನ ‘ಡಿನೇರಿಯಸ್’ ಎಂಬ ಬೆಳ್ಳಿಯ ನಾಣ್ಯಗಳೇ ಸಾಕ್ಷಿ. ಸುಮಾರು 4 ಗ್ರಾಂ ತೂಕದ ಬಿಲ್ಲೆಯೊಂದರಲ್ಲಿ ರಾಜ್ಯದ ಮನೋಗತವನ್ನೇ ಅಡಗಿಸುವುದು ಅಚ್ಚುಕೊರೆಯುವವನ ಕೆಲಸವಾಗಿತ್ತು. ಅವುಗಳಲ್ಲಿ ಬ್ರೂಟಸನು ಕ್ರಿ. ಪೂ. 43–42ರಲ್ಲಿ ಅಚ್ಚುಹಾಕಿಸಿದ ನಾಣ್ಯವು ಅತ್ಯಂತ ಪ್ರಸಿದ್ಧವಾದುದು.

ಅದರ ಹಿಂಬದಿಯಲ್ಲಿ ಎರಡು ಕಠಾರಿಗಳು. ಅವುಗಳ ನಡುವೆ ಒಂದು ಟೊಪ್ಪಿಗೆ. ಕೆಳಗೆ ಮಾರ್ಚಿ 15ನ್ನು ಸೂಚಿಸುವ ಕೆಲವು ಅಕ್ಷರಗಳು. ಕ್ರಿ. ಪೂ. 44ರಲ್ಲಿ ಸೀಸರನು ಹತನಾದ ದಿನವದು. ಆ ಟೊಪ್ಪಿಗೆಯಾದರೋ ರೋಮಿನಲ್ಲಿ ದಾಸ್ಯದಿಂದ ಬಿಡುಗಡೆಹೊಂದಿದವನು ಧರಿಸುತ್ತಿದ್ದುದು. ಕೊಂದವರಿಲ್ಲ, ಸತ್ತವನಿಲ್ಲ, ನೆತ್ತರಿನ ಹನಿಯಿಲ್ಲ. ಆದರೂ ವೃತ್ತಾಂತವೆಲ್ಲವೂ ಕಣ್ಣಿಗೆ ಕಟ್ಟುವುದು. ವಧೆಯನ್ನು ಹೇಳದೆ ವಿಮೋಚನೆಯನ್ನು ಧ್ವನಿಸುವ ಈ ಚಿತ್ರಕ್ಕೆ ಸಮಾನವಾದುದು ವಿರಳ.

ಮುಂಬದಿಗೆ ತಿರುಗಿಸಿದಾಗಲಾದರೋ ಸಂದೇಹವುಂಟಾಗುತ್ತದೆ. ಅಲ್ಲಿರುವುದು ಬ್ರೂಟಸನ ಮುಖವೇ! ರೋಮಿನ ಸಂಪ್ರದಾಯದಂತೆ ನಾಣ್ಯದಲ್ಲಿ ದೇವತೆಗಳಿಗೂ ಗತಿಸಿದ ಪೂರ್ವಿಕರಿಗೂ ಎಡೆಯಿತ್ತು. ಬದುಕಿರುವವನ ಮುಖವನ್ನು ಒತ್ತಿಸುವುದು ಅರಸರ ಪದ್ಧತಿ. ರೋಮಿನ ಟಂಕಸಾಲೆಯಲ್ಲಿ ಆ ಮರ್ಯಾದೆಯನ್ನು ಮೊದಲು ಮೀರಿದವನು, ಕ್ರಿ. ಪೂ. 44ರಲ್ಲಿ, ಸೀಸರನು. ಇದೇ ಬ್ರೂಟಸನು ಕ್ರಿ. ಪೂ. 54ರ ಸುಮಾರಿನಲ್ಲಿ ಟಂಕಾಧಿಕಾರಿಯಾಗಿದ್ದಾಗ, ಸ್ವಾತಂತ್ರ್ಯದೇವಿಯ ಮುಖವನ್ನೂ, ಅರಸರನ್ನು ಅಟ್ಟಿದನೆಂದು ಪ್ರತೀತಿಯುಳ್ಳ ತನ್ನ ಪೂರ್ವಿಕನ ರೂಪವನ್ನೂ ನಾಣ್ಯದಲ್ಲಿ ಮೂಡಿಸಿದ್ದನು. ಯಾವ ಅರಸುತನದ ಶಂಕೆಯಿಂದ ಸೀಸರನನ್ನು ಕೊಂದನೋ ಅದರ ಚಿಹ್ನೆಯನ್ನೇ ತಾನು ತಳೆಯುವುದು ಉಚಿತವೆ?

ಸೈನಿಕರಿಗೆ ವೇತನವೀಯುವವನ ಗುರುತು ತಿಳಿಯಬೇಕಷ್ಟೆ ಎಂದು ಸಮಾಧಾನ ಹೇಳಬಹುದು. ಆದರೆ ಅದೇ ಪಕ್ಷದ ಕ್ಯಾಸಿಯಸನು, ಅದೇ ಯುದ್ಧಕಾಲದಲ್ಲಿ, ತನ್ನ ನಾಣ್ಯಗಳಲ್ಲಿ ಹೆಸರನ್ನು ಬರೆಯಿಸಿದನೇ ಹೊರತು ಮುಖವನ್ನು ಒತ್ತಿಸಲಿಲ್ಲ. ಮುಖದ ಎಡೆಯನ್ನು ಸ್ವಾತಂತ್ರ್ಯದೇವಿಗೆ ಬಿಟ್ಟನು. ಆದುದರಿಂದ ಬ್ರೂಟಸನ ನಾಣ್ಯದಲ್ಲಿರುವುದು ಶಿಲ್ಪದೋಷವಲ್ಲ, ಔಚಿತ್ಯದ ದೋಷ. ಹಿಂಬದಿಯು ಸಾರುವ ತತ್ತ್ವವನ್ನು ಮುಂಬದಿಯು ಅಲ್ಲಗಳೆಯುತ್ತದೆ.

ಕ್ರಿ. ಪೂ. 42ರಲ್ಲಿ ಫಿಲಿಪ್ಪಿಯಲ್ಲಿ ಸೋತು ಬ್ರೂಟಸನು ಪ್ರಾಣಬಿಟ್ಟನು. ಮುಂದೆ ಚಕ್ರವರ್ತಿಗಳ ಕಾಲದಲ್ಲಿ ಆಳುವವನ ಮುಖವೇ ನಾಣ್ಯದ ನಿಯಮವಾಯಿತು. ಕ್ರಿ. ಶ. 68ರಲ್ಲಿ, ನೀರೋವಿನ ಆಳ್ವಿಕೆ ಕುಸಿದ ಅಂತಃಕಲಹದಲ್ಲಿ, ಅದೇ ಟೊಪ್ಪಿಗೆಯೂ ಕಠಾರಿಗಳೂ ಅನಾಮಧೇಯವಾದ ಬೆಳ್ಳಿಯ ನಾಣ್ಯವೊಂದರಲ್ಲಿ ಮರಳಿ ಮೂಡಿದುವು. ಅದರ ಮುಂಬದಿಯಲ್ಲಿ ಯಾವ ಮನುಷ್ಯನ ಮುಖವೂ ಇಲ್ಲ, ಸ್ವಾತಂತ್ರ್ಯದೇವಿಯಿದ್ದಾಳೆ. ಬ್ರೂಟಸನ ನಾಣ್ಯಕ್ಕೆ ಇದಕ್ಕಿಂತ ಯುಕ್ತವಾದ ವಿಮರ್ಶೆಯನ್ನು ಯಾರೂ ಬರೆದಿಲ್ಲವೆನ್ನಬಹುದು.