ಬುದ್ಧಿ ಹೇಳುವವನ ಸರದಿ ಕೊನೆಗೆ

ಗೆಳೆಯನೊಬ್ಬ ದಾರಿ ತಪ್ತಿದಾನೆ ಅನ್ನಿಸಿದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡ್ತೀವಿ. ‘ಅವನ ಜೀವನ, ನಮಗ್ಯಾಕೆ’ ಅಂತ ಸುಮ್ಮನಿರ್ತೀವಿ, ಇಲ್ಲಾ ಕೂರಿಸಿಕೊಂಡು ಬುದ್ಧಿ ಹೇಳ್ತೀವಿ. ಈ ಎರಡನ್ನೂ ಒಪ್ಪದ ಪುಟ್ಟ ಪುಸ್ತಕವೊಂದಿದೆ. ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ ಬರೆದದ್ದು, ಪ್ರಕಟವಾಗಿದ್ದು 1939ರಲ್ಲಿ. ಇಂಗ್ಲಿಷಿನಲ್ಲಿ ಅದರ ಹೆಸರು ‘ಲೈಫ್ ಟುಗೆದರ್’. ನಾನು ಕ್ರೈಸ್ತನಲ್ಲ. ಆದರೂ ಈ ಪುಸ್ತಕ ನನ್ನನ್ನ ಸುಮ್ಮನೆ ಬಿಡಲಿಲ್ಲ.

ಹಿನ್ನೆಲೆ ಇಷ್ಟು. ನಾಜಿಗಳ ತಾಳಕ್ಕೆ ಕುಣಿಯಲು ಒಪ್ಪದ ಕನ್ಫೆಸಿಂಗ್ ಚರ್ಚ್, ಹೊಸ ಪಾದ್ರಿಗಳನ್ನ ತಯಾರು ಮಾಡಲು ತನ್ನದೇ ಸೆಮಿನರಿಗಳನ್ನ ತೆರೆಯಿತು. ಫಿಂಕೆನ್‌ವಾಲ್ಡೆ ಅನ್ನೋ ಊರಿನ ಸೆಮಿನರಿಗೆ 1935ರಲ್ಲಿ ಬಾನ್‌ಹೋಫರ್ ಮುಖ್ಯಸ್ಥನಾದ. ವಯಸ್ಸು 29. ಊಟ, ಪ್ರಾರ್ಥನೆ, ಪಾಠ ಎಲ್ಲ ಒಂದೇ ಸೂರಿನಡಿ. 1937ರಲ್ಲಿ ಗೆಸ್ಟಾಪೊ ಅದಕ್ಕೆ ಬೀಗ ಜಡಿಯಿತು. ಆ ದಿನಗಳ ಅನುಭವವನ್ನೇ ಆತ ಮರುವರ್ಷ ಪುಸ್ತಕ ಮಾಡಿದ.

1937ರಲ್ಲೇ ಬಂದ ಇನ್ನೊಂದು ಪುಸ್ತಕದಲ್ಲಿ ಆತ ‘ಅಗ್ಗದ ಕೃಪೆ’ಯನ್ನ ತರಾಟೆಗೆ ತಗೊಂಡಿದ್ದ. ಪಶ್ಚಾತ್ತಾಪ ಬೇಡ, ಬದುಕು ಬದಲಾಗೋದೂ ಬೇಡ, ಕ್ಷಮೆ ಮಾತ್ರ ಬೇಕು ಅನ್ನೋದು ಅಗ್ಗದ ಕೃಪೆ. ಅದನ್ನೊಂದೇ ಓದಿದರೆ ಬಾನ್‌ಹೋಫರ್ ಕಟ್ಟುನಿಟ್ಟಿನ ಮೇಷ್ಟ್ರು ಅನ್ಸುತ್ತೆ. ದುಬಾರಿ ಕೃಪೆಯ ಭಾರವನ್ನ ಒಬ್ಬನೇ ಹೊರೋಕೆ ಆಗುತ್ತಾ? ಅದಕ್ಕೆ ಉತ್ತರ ‘ಲೈಫ್ ಟುಗೆದರ್’ನಲ್ಲಿದೆ. ಕೃಪೆ ಮನುಷ್ಯನ ಒಳಗಿಂದ ಹುಟ್ಟೋದಲ್ಲ, ಹೊರಗಿಂದ ಬರೋದು. ತನಗೆ ತಾನೇ ‘ನಿನ್ನನ್ನ ಕ್ಷಮಿಸಿದೆ’ ಅಂದುಕೊಂಡರೆ ಮನಸ್ಸು ನಂಬಲ್ಲ. ಅದಕ್ಕೇ ದೇವರು ಆ ಮಾತನ್ನ ಪಕ್ಕದವನ ಬಾಯಲ್ಲಿ ಇಟ್ಟಿದ್ದಾನೆ ಅನ್ನೋದು ಆತನ ವಾದ. ಹೇಳುವವನೂ ಕ್ಷಮೆ ಬೇಕಾದವನೇ ಆದ್ದರಿಂದ ಯಾರೂ ಎತ್ತರದ ಪೀಠದಲ್ಲಿಲ್ಲ.

ನನಗೆ ಬಹಳ ಹಿಡಿಸಿದ್ದು ನಾಲ್ಕನೇ ಅಧ್ಯಾಯದ ಅನುಕ್ರಮ. ಮೊದಲು ನಾಲಿಗೆ ಬಿಗಿಹಿಡಿಯೋದು. ಆಮೇಲೆ ತಗ್ಗಿ ನಡೆಯೋದು, ಕಿವಿಗೊಡೋದು, ಸಣ್ಣಪುಟ್ಟ ಕೆಲಸಕ್ಕೆ ಒದಗೋದು, ಇನ್ನೊಬ್ಬನನ್ನ ಸಹಿಸೋದು. ಇಷ್ಟಾದ ಮೇಲೆ ದೇವರ ಮಾತು ಹೇಳೋದು, ಬೇಕಾದರೆ ಗದರೋದು. ನಾವು ಶುರು ಮಾಡೋದೇ ಕೊನೆಯಿಂದ! ಫಿಂಕೆನ್‌ವಾಲ್ಡೆಯಲ್ಲಿ ಒಂದು ನಿಯಮವೂ ಇತ್ತು: ಎದುರಿಗಿಲ್ಲದವನ ಬಗ್ಗೆ ಮಾತಾಡಬಾರದು, ಆಡಿಬಿಟ್ಟರೆ ಅವನಿಗೇ ಹೋಗಿ ಹೇಳಬೇಕು. ನಮ್ಮೂರ ಅರಳಿಕಟ್ಟೆಯಲ್ಲಿ ಬಾರದವನೇ ಅವತ್ತಿನ ವಿಷಯ. ಬೆಂಗಳೂರಲ್ಲಿ ಅವನೊಬ್ಬನನ್ನ ಬಿಟ್ಟು ಇನ್ನೊಂದು ವಾಟ್ಸಾಪ್ ಗ್ರೂಪ್ ಮಾಡ್ತೀವಿ. ವ್ಯತ್ಯಾಸ ಅಷ್ಟೇ.

ಹಾಗಂತ ಪುಸ್ತಕಕ್ಕೆ ಪೂರ್ತಿ ಅಂಕ ಕೊಡಲಾರೆ. ಇದು ಎಳೆಯ ಗಂಡಸರು ಒಂದೇ ಮನೆಯಲ್ಲಿದ್ದು ಕಂಡುಕೊಂಡ ಕ್ರಮ. ಮಕ್ಕಳಿಗೆ ಜ್ವರ, ಸಾಲದ ಕಂತು, ರಾತ್ರಿಪಾಳಿ ಇರುವವರಿಗೆ ಆ ದಿನಚರಿ ಹೊಂದೋದು ಕಷ್ಟ. ಇನ್ನೂ ದೊಡ್ಡ ಕೊರತೆ ಬೇರೆ. 1938ರಲ್ಲಿ ಪಾದ್ರಿಗಳೆಲ್ಲ ಹಿಟ್ಲರ್‌ಗೆ ನಿಷ್ಠೆಯ ಪ್ರಮಾಣ ಮಾಡಬೇಕು ಅನ್ನೋ ಒತ್ತಡ ಬಂತು. ಕನ್ಫೆಸಿಂಗ್ ಚರ್ಚಿನವರೂ ಬಹಳ ಮಂದಿ ಪ್ರಮಾಣ ಮಾಡಿಬಿಟ್ಟರು. ಅದೇ ವರ್ಷ ಬರೆದ ಪುಸ್ತಕ ಆ ಸೋಲಿನ ಬಗ್ಗೆ ನೇರವಾಗಿ ಮಾತಾಡಲ್ಲ. ಒಬ್ಬ ಎಡವಿದರೆ ಇನ್ನೊಬ್ಬ ಎತ್ತಬಹುದು. ಗುಂಪೇ ಎಡವಿದರೆ? ನಾನು ಹುಡುಕಿದ ಉತ್ತರ ಅಲ್ಲಿ ಸಿಗಲಿಲ್ಲ.

ಬಹುಶಃ ಉತ್ತರ ಆತನ ಬದುಕಿನಲ್ಲಿತ್ತು. ಮುಂದೆ ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸೇರಿದ, 1943ರಲ್ಲಿ ಜೈಲು ಸೇರಿದ, 1945ರ ಏಪ್ರಿಲ್ 9ರಂದು ಗಲ್ಲಿಗೇರಿದ. ಜೊತೆಗೊಬ್ಬ ಸಹವಿಶ್ವಾಸಿ ಇರೋದು ಯಾರ ಹಕ್ಕೂ ಅಲ್ಲ, ಅದೂ ಕೃಪೆಯೇ ಅಂತ ಪುಸ್ತಕದ ಶುರುವಿನಲ್ಲೇ ಬರೆದವನು ಆತ. ನಿಮ್ಮ ಮುಖಕ್ಕೇ ನಿಜ ಹೇಳಿ, ಹೇಳಿದ ಮೇಲೂ ಬಿಟ್ಟುಹೋಗದ ಒಬ್ಬರು ಇದ್ದರೆ ಈ ಪುಸ್ತಕವನ್ನ ಅವರ ಜೊತೆ ಕೂತು ಓದಿ. ಒಬ್ಬರೇ ಓದೋದಕ್ಕೆ ಬರೆದದ್ದಲ್ಲ ಇದು.