ಶಾಸಕನನ್ನ ಅಳೆಯೋ ಕೊಳಗ ಯಾವುದು?

ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲೊಮ್ಮೆ ಜೂನ್‌ನಲ್ಲೊಮ್ಮೆ, ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ಕಪ್ಪು ಬಿಳುಪು ಫೋಟೋ ಬರುತ್ತೆ. ಶಾಂತವೇರಿ ಗೋಪಾಲಗೌಡರದ್ದು. ಮಾರ್ಚ್ ಅವರು ಹುಟ್ಟಿದ ತಿಂಗಳು, ಜೂನ್ ತೀರಿಕೊಂಡ ತಿಂಗಳು. ಇಂಥ ಶಾಸಕರೂ ಇದ್ದರು, ದುಡ್ಡು ಮಾಡಲಿಲ್ಲ, ಆಸ್ತಿ ಮಾಡಲಿಲ್ಲ ಅಂತ ಕೆಳಗೆ ನಾಲ್ಕು ಸಾಲು. ಹತ್ತು ಜನ ಕೈ ಮುಗೀತಾರೆ. ಹನ್ನೊಂದನೆಯವನು ಅದೇ ಗುಂಪಿನಲ್ಲಿ ಸೈಟಿನ ಜಾಹೀರಾತು ಹಾಕ್ತಾನೆ.

ನಾನೂ ಕೈ ಮುಗಿದವನೇ. ಆದರೆ ಕಳೆದ ಸಲ ಊರಿಗೆ ಹೋಗುವಾಗ ಜೊತೆಗೆ ಆಫೀಸಿನ ಗೆಳೆಯನೊಬ್ಬ ಇದ್ದ. ಬೆಂಗಳೂರಲ್ಲೇ ಹುಟ್ಟಿ ಬೆಳೆದವನು. ಸಾಗರದ ಕಡೆ ಎರಡೆಕರೆ ಜಮೀನು ತಗೊಂಡು ವೀಕೆಂಡಿಗೆ ಮನೆ ಕಟ್ಟಬೇಕು ಅಂತ ಆಸೆ. ಶಿವಮೊಗ್ಗ ದಾಟುತ್ತಿದ್ದ ಹಾಗೆ ನನಗೆ ಊರಿನ ಅಭಿಮಾನ ಉಕ್ಕಿ ಗೋಪಾಲಗೌಡರ ಬಗ್ಗೆ ಶುರು ಮಾಡಿದೆ. ಎಲ್ಲಾ ಕೇಳಿಸಿಕೊಂಡು ಅವನು ಒಂದೇ ಪ್ರಶ್ನೆ ಕೇಳಿದ: "ಪ್ರಾಮಾಣಿಕರು ಅಂತ ಗೊತ್ತಾಯ್ತು. ಅವರು ಏನ್ ಮಾಡಿದ್ರು?"

ನನ್ನ ಹತ್ರ ನೆಟ್ಟಗೆ ಉತ್ತರ ಇರಲಿಲ್ಲ. ಈ ಬರಹ ತಡವಾಗಿ ಕೊಡ್ತಿರೋ ಉತ್ತರ.

ಮೊದಲು ಅವರ ರೆಸ್ಯೂಮೆ ನೋಡೋಣ. 1923ರಲ್ಲಿ ಹುಟ್ಟಿದ್ದು, ತೀರ್ಥಹಳ್ಳಿ ತಾಲೂಕಿನವರು. ವಿದ್ಯಾರ್ಥಿಯಾಗಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು. ಆಮೇಲೆ ಸಮಾಜವಾದಿ ಪಕ್ಷ. 1952ರ ಮೊದಲ ಚುನಾವಣೆಯಲ್ಲಿ ಸಾಗರ ಹೊಸನಗರ ಕ್ಷೇತ್ರದಿಂದ ಗೆದ್ದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮೂರು ಸಲವೂ ವಿರೋಧ ಪಕ್ಷದ ಬೆಂಚು. ಮಂತ್ರಿಗಿರಿ ಇಲ್ಲ. 1972ರ ಜೂನ್ 9ರಂದು ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ. ನಮ್ಮ ಅಪ್ರೈಸಲ್ ಭಾಷೆಯಲ್ಲಿ ಹೇಳಬೇಕು ಅಂದ್ರೆ ಪ್ರಮೋಷನ್ ಇಲ್ಲದ ಕೆರಿಯರ್ರು.

ಇನ್ನೂ ಮುಜುಗರದ ಸಂಗತಿ ಒಂದಿದೆ. ಗೋಪಾಲಗೌಡರ ಹೆಸರು ಅಂಟಿಕೊಂಡಿರೋದು ಗೇಣಿದಾರರ ಪ್ರಶ್ನೆಗೆ. ನಮ್ಮ ರಾಜ್ಯದ ಭೂಸುಧಾರಣೆಯಲ್ಲಿ ಎರಡು ದೊಡ್ಡ ಹೆಜ್ಜೆಗಳು. ಒಂದು 1961ರ ಭೂಸುಧಾರಣಾ ಕಾಯ್ದೆ. ಇನ್ನೊಂದು, ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿದ ದೇವರಾಜ ಅರಸರ ಕಾಲದ 1974ರ ತಿದ್ದುಪಡಿ. ಮೊದಲನೆಯದು ಸದನದಲ್ಲಿ ಪಾಸಾದಾಗ ಗೋಪಾಲಗೌಡರು ಸೋತು ಹೊರಗಿದ್ದರು. ಎರಡನೆಯದು ಬಂದಾಗ ಅವರು ಬದುಕಿರಲಿಲ್ಲ. ಎರಡು ಸಲವೂ ಕಾನೂನು ತಂದದ್ದು ಕಾಂಗ್ರೆಸ್ ಸರ್ಕಾರ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತ ಸದನದಲ್ಲಿ ಹಟ ಹಿಡಿದವರಲ್ಲಿ ಅವರೂ ಒಬ್ಬರು. ಅದೂ ಆಗಿದ್ದು 1973ರ ನವೆಂಬರ್ 1ಕ್ಕೆ, ಅವರು ಹೋದ ಮೇಲೆ.

ಹಾಗಾದ್ರೆ ಗೆಳೆಯನ ಪ್ರಶ್ನೆಗೆ ಉತ್ತರ "ಏನೂ ಇಲ್ಲ" ಅಂತಾನಾ? ಅಲ್ಲ ಅಂತ ಹೇಳೋಕೆ ನಾನು ಕಾಗೋಡಿಗೆ ಹೋಗಬೇಕು.

ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಶುರುವಾದ ಸತ್ಯಾಗ್ರಹದ ಮೂಲ ಒಂದು ಕೊಳಗ. ಭತ್ತ ಅಳೆಯೋ ಪಾತ್ರೆ. ಒಡೆಯರು ಗೇಣಿ ಅಳೆಸಿಕೊಳ್ಳೋ ಕೊಳಗ ಅಳತೆಗಿಂತ ದೊಡ್ಡದು ಅನ್ನೋದು ಒಕ್ಕಲುಗಳ ತಕರಾರು. ಸರಿಯಾದ ಅಳತೆಯಲ್ಲಿ ಅಳೀರಿ ಅಂತ ಕೇಳಿದ್ದಕ್ಕೆ ಉಳುತ್ತಿದ್ದ ಗದ್ದೆ ಬಿಡಿ ಅಂದರು. ಒಕ್ಕಲುಗಳು ಬಹುತೇಕ ದೀವರು. ರೈತ ಸಂಘ ಕಟ್ಟಿ ಅವರನ್ನ ಒಟ್ಟು ಮಾಡಿದ್ದು ಎಚ್. ಗಣಪತಿಯಪ್ಪ. ಗೋಪಾಲಗೌಡರು ಮತ್ತು ಅವರ ಪಕ್ಷ ಬೆನ್ನಿಗೆ ನಿಂತ ಮೇಲೆ ಅದು ರಾಜ್ಯದ ಸುದ್ದಿಯಾಯಿತು, ಲೋಹಿಯಾ ಬಂದು ಬಂಧನವಾದ ಮೇಲೆ ದೇಶದ ಸುದ್ದಿಯಾಯಿತು. ಗೋಪಾಲಗೌಡರು ಒಕ್ಕಲಿಗರು. ಆ ಒಕ್ಕಲುಗಳ ಜಾತಿಯವರಲ್ಲ. ಮರುವರ್ಷವೇ ಆ ಸೀಮೆ ಅವರನ್ನ ವಿಧಾನಸಭೆಗೆ ಕಳಿಸಿತು. ಜಾತಿ ಲೆಕ್ಕ ಹಾಕದೆ ಒಂದು ಸೀಟೂ ಊಹಿಸೋಕಾಗದ ಇವತ್ತಿನ ಚುನಾವಣಾ ಚರ್ಚೆ ಕೇಳಿ ಬೆಳೆದ ನಮಗೆ ಇದು ನಂಬೋಕೆ ಕಷ್ಟ.

ಸತ್ಯಾಗ್ರಹಕ್ಕೆ ತಕ್ಷಣ ಗೆಲುವು ಸಿಗಲಿಲ್ಲ. ಜನ ಜೈಲಿಗೆ ಹೋದರು, ಗದ್ದೆ ಕಳಕೊಂಡರು. ಆದರೆ ಒಡೆಯರ ಎದುರು ನಿಂತು ಅಳತೆ ಕೇಳಬಹುದು ಅನ್ನೋದು ಮಲೆನಾಡಿಗೆ ಗೊತ್ತಾಯಿತು.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಅರ್ಥವಾಗಿದ್ದು ನಮ್ಮಜ್ಜನಿಂದ. ನಮ್ಮನೆಯ ಜಮೀನು ಬಂದದ್ದು 1974ರ ತಿದ್ದುಪಡಿಯಿಂದ. ಗೇಣಿದಾರ ತಾನೇ ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಕೊಡಬೇಕಿತ್ತು. ನಮಗೆ ಫಾರಂ ಅಂದ್ರೆ ಆನ್‌ಲೈನಲ್ಲಿ ಎರಡು ನಿಮಿಷದ ಕೆಲಸ. ಅಜ್ಜನಿಗೆ ಅದು ಯಾರ ಅಂಗಳದಲ್ಲಿ ಕೈಕಟ್ಟಿ ನಿಂತು ಬೆಳೆದಿದ್ದನೋ ಅವರ ವಿರುದ್ಧವೇ ರುಜು ಹಾಕೋ ಕೆಲಸ. "ಉಂಡ ಮನೆಗೆ ಎರಡು ಬಗೆಯೋದಾ" ಅಂತ ಅರ್ಜಿ ಹಾಕದೇ ಕೂತವರು ನಮ್ಮೂರಲ್ಲೇ ಇದ್ದರು. ಕಡೆಯ ಗಡುವು 1979ರ ಜೂನ್ 30. ಅದು ಮುಗಿದ ಮೇಲೆ ಅವರಿಗೆ ಸಿಕ್ಕಿದ್ದು ಏನೂ ಇಲ್ಲ. ಕಾನೂನು ಇಬ್ಬರಿಗೂ ಒಂದೇ ಇತ್ತು. ಅಜ್ಜ ಸಂಘದ ಸಭೆಗಳಿಗೆ ಹೋಗಿಬಂದವನು, ಅವರು ಹೋಗದವರು. ಅಷ್ಟೇ ವ್ಯತ್ಯಾಸ.

ತಮಾಷೆ ಏನು ಗೊತ್ತಾ? ಅಜ್ಜನ ಮನೆಯ ಗೋಡೆ ಮೇಲೆ ಇದ್ದದ್ದು ಇಂದಿರಾ ಗಾಂಧಿ ಫೋಟೋ. ಭೂಮಿ ಕೊಟ್ಟವಳು ಆಯಮ್ಮ ಅಂತ ಕೊನೇತನಕ ನಂಬಿದ್ದ. ನನಗನ್ನಿಸೋದು, ಕಾನೂನಿನ ಕ್ರೆಡಿಟ್ ಅರಸರಿಗೆ ಸಲ್ಲಬೇಕು, ಅದರಲ್ಲಿ ಚೌಕಾಸಿ ಬೇಡ. ಆದರೆ ಆ ಫಾರಂ ತುಂಬೋ ಧೈರ್ಯ ಯಾವ ಸರ್ಕಾರಿ ಆದೇಶದಿಂದಲೂ ಬರೋದಿಲ್ಲ. ಅದನ್ನ ಇಪ್ಪತ್ತು ವರ್ಷ ಮುಂಚಿನಿಂದ ಯಾರೋ ಕಟ್ಟಿರಬೇಕು. ನಮ್ಮ ಕಡೆ ಅದನ್ನ ಕಟ್ಟಿದವರಲ್ಲಿ ಗೋಪಾಲಗೌಡರು ಮುಖ್ಯರು.

ಇಲ್ಲಿಗೆ ನಿಲ್ಲಿಸಿದ್ರೆ ಇದೂ ಒಂದು ಕೈ ಮುಗಿಯೋ ಫಾರ್ವರ್ಡ್ ಆಗುತ್ತೆ. ಹಾಗಾಗಿ ಅವರನ್ನ ಅಳೆಯೋ ಕೊಳಗವನ್ನೂ ಸರಿಯಾಗೇ ಇಡೋಣ.

ಒಂದು, ಅವರು ಜನರನ್ನ ಬೆಳೆಸಿದರು, ಪಕ್ಷವನ್ನ ಬೆಳೆಸಲಾಗಲಿಲ್ಲ. ಸಮಾಜವಾದಿಗಳು ಒಡೆಯೋದು, ಕೂಡೋದು, ಮತ್ತೆ ಒಡೆಯೋದು ಅವರ ಕಾಲದಲ್ಲೇ ಶುರುವಾಗಿತ್ತು. ಅವರ ಜೊತೆ, ಅವರ ಹಿಂದೆ ಬಂದ ಬಂಗಾರಪ್ಪ, ಜೆ.ಎಚ್. ಪಟೇಲ್ ಇಬ್ಬರೂ ಮುಖ್ಯಮಂತ್ರಿಗಳಾದರು. ಆದದ್ದು ಬೇರೆ ಬೇರೆ ಪಕ್ಷಗಳಿಂದ. ಕಾಗೋಡಿನವರೇ ಆದ ತಿಮ್ಮಪ್ಪನವರು ಕಾಂಗ್ರೆಸ್ಸಿನಿಂದ ಸ್ಪೀಕರ್ ಆದರು, ಕಂದಾಯ ಮಂತ್ರಿಯೂ ಆದರು. ಹೋದವರನ್ನ ತಪ್ಪು ಅನ್ನೋದು ಸುಲಭ. ಉಳಿಯೋಕೆ ಒಂದು ಮನೆ ಇತ್ತಾ ಅಂತಲೂ ಕೇಳಬೇಕಲ್ವಾ?

ಎರಡು, "ಉಳುವವನೇ ಹೊಲದೊಡೆಯ" ಅನ್ನೋ ಘೋಷಣೆಯಲ್ಲೇ ಒಂದು ತೂತಿತ್ತು. ಕಾಗದದ ಮೇಲೆ ಉಳುವವನು ಅಂದ್ರೆ ಗೇಣಿದಾರ. ನಮ್ಮಜ್ಜ ಗೇಣಿದಾರ, ನಿಜ. ಆದರೆ ನಮ್ಮ ಗದ್ದೆಯಲ್ಲಿ ನೇಗಿಲ ಹಿಂದೆ ನಡೆದವರು, ನೆಟ್ಟಿ ನೆಟ್ಟವರು ಕೂಲಿಯವರೂ ಹೌದು. ದಲಿತರ ಕೇರಿಯಿಂದ ಬಂದವರು. ಅವರಿಗೆ ತುಂಬೋಕೆ ಯಾವ ಫಾರಂ ಕೂಡ ಇರಲಿಲ್ಲ. ಭೂಮಿ ಒಂದು ಮೆಟ್ಟಿಲು ಕೆಳಗಿಳಿದು ನಮ್ಮಲ್ಲಿಗೆ ಬಂದು ನಿಂತಿತು. ಆ ಮೆಟ್ಟಿಲ ಮೇಲೆ ನಿಂತು ನಾನು ಬಿಇ ಓದಿದೆ. ಅವರ ಮೊಮ್ಮಕ್ಕಳಲ್ಲಿ ನನ್ನ ಜೊತೆ ಓದಿದವರು ಎಷ್ಟು ಜನ ಅಂತ ಎಣಿಸೋಕೆ ಒಂದು ಕೈಯ ಬೆರಳೂ ಬೇಡ.

ಮೂರನೆಯ ತಪ್ಪು ಅವರದ್ದಲ್ಲ, ನಮ್ಮದು. ನಾವು ಅವರನ್ನ ಸಂತ ಮಾಡಿಬಿಟ್ಟಿದ್ದೀವಿ. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ಕೃಷ್ಣಪ್ಪಗೌಡನಿಗೆ ಗೋಪಾಲಗೌಡರ ಬದುಕೇ ಪ್ರೇರಣೆ ಅಂತ ಎಲ್ಲರಿಗೂ ಗೊತ್ತು. ಆದರೆ ಕಾದಂಬರಿ ಆತನನ್ನ ಸಂತ ಅಂತ ಬಿಡೋದಿಲ್ಲ. ಲಕ್ವ ಹೊಡೆದು ಮಲಗಿದವನ ಹಾಸಿಗೆ ಹತ್ತಿರಕ್ಕೆ ಮುಖ್ಯಮಂತ್ರಿ ಕುರ್ಚಿ ಬಂದಾಗ ಒಳಗೆ ಏನಾಗುತ್ತೆ ಅಂತ ಕೆದಕುತ್ತೆ. ನಾವು ಫಾರ್ವರ್ಡ್ ಮಾಡೋರು ಅಷ್ಟೂ ಕೆದಕಲ್ಲ. ದುಡ್ಡು ಮಾಡದ ಶಾಸಕ ಅಂತ ಹೊಗಳಿದ್ರೆ ನಮಗೇನೂ ಖರ್ಚಿಲ್ಲ. ಅವರು ಕೇಳಿದ್ದೇನು, ಅದು ಆಯಿತಾ, ಆಗಿದ್ದು ಉಳೀತಾ ಅಂತ ಕೇಳಿದ್ರೆ ಖರ್ಚಿದೆ.

ಉಳಿದಿಲ್ಲ ಅನ್ನೋದು ನಮ್ಮ ಕಾಲದ ಸುದ್ದಿ. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿಭೂಮಿ ಕೊಳ್ಳುವಂತಿಲ್ಲ, ಕೃಷಿಕರಲ್ಲದವರು ಕೊಳ್ಳುವಂತಿಲ್ಲ ಅಂತ 79ಎ, 79ಬಿ ಕಲಮುಗಳು ಹೇಳ್ತಿದ್ದವು. 2015ರಲ್ಲಿ ಕಾಂಗ್ರೆಸ್ ಸರ್ಕಾರ ಆ ಮಿತಿಯನ್ನ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿತು. 2020ರಲ್ಲಿ ಬಿಜೆಪಿ ಸರ್ಕಾರ ಆ ಕಲಮುಗಳನ್ನೇ ತೆಗೆದುಹಾಕಿತು. ಆಗ ಮುಖ್ಯಮಂತ್ರಿಯಾಗಿದ್ದವರೂ ಶಿವಮೊಗ್ಗ ಜಿಲ್ಲೆಯವರೇ. ಆ ಕಲಮುಗಳು ಲಂಚಕ್ಕೆ ದಾರಿಯಾಗಿದ್ದವು, ಮಾರೋ ರೈತನಿಗೆ ಒಳ್ಳೆ ರೇಟು ಸಿಗಲಿ ಅನ್ನೋ ವಾದ ಪೂರ್ತಿ ಸುಳ್ಳಲ್ಲ. ಲಂಚದ ವಿಷಯ ನಮ್ಮ ಕಡೆ ಯಾರನ್ನ ಕೇಳಿದ್ರೂ ಹೇಳ್ತಾರೆ. ರೈತ ಸಂಘಟನೆಗಳು ಬೀದಿಗಿಳಿದವು. ಏಳನೇ ಫಾರಂನಿಂದ ಭೂಮಿ ಪಡೆದ ಮನೆಗಳ ನಮ್ಮಂಥ ಮೊಮ್ಮಕ್ಕಳು ಆಗ ವರ್ಕ್ ಫ್ರಮ್ ಹೋಮ್ ಮಾಡ್ತಾ ಮನೆಯಲ್ಲಿದ್ದೆವು. ನಾನು ಒಂದು ಪೋಸ್ಟ್ ಕೂಡ ಹಾಕಲಿಲ್ಲ.

ಗೆಳೆಯನ ಜೊತೆ ಜಮೀನು ನೋಡೋಕೆ ಹೋದಾಗ ದಲ್ಲಾಳಿ ಹೇಳಿದ, "ಈಗ ಯಾರ್ ಬೇಕಾದ್ರೂ ತಗಬೌದು ಸಾರ್, ಏನೂ ತೊಂದ್ರೆ ಇಲ್ಲ." ಅಡಿಕೆ ತೋಟದ ಪಕ್ಕದ ಮಕ್ಕಿಗದ್ದೆ. ಮಾರ್ತಿರೋ ಮನೆಯವರಿಗೂ ಅದು ಬಂದದ್ದು ಡಿಕ್ಲರೇಷನ್ನಿಂದಲೇ. ಮಗಳ ಮದುವೆ ಸಾಲ ಇತ್ತು, ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನಂತೆ. ನನ್ನ ಗೆಳೆಯ ಒಳ್ಳೆಯವನು, ಚೌಕಾಸಿ ಕೂಡ ಜಾಸ್ತಿ ಮಾಡಲಿಲ್ಲ. ತಗೋಬೇಡ ಅಂತ ಅವನಿಗೆ ಹೇಳೋಕೆ ನನ್ನ ಹತ್ರ ಕಾರಣ ಇರಲಿಲ್ಲ, ಮಾರಬೇಡಿ ಅಂತ ಅವರಿಗೆ ಹೇಳೋಕೆ ಹಕ್ಕೂ ಇರಲಿಲ್ಲ.

ವಾಪಸ್ ಬರುವಾಗ ಅವನಿಗೆ ಅಜ್ಜನ ಫಾರಂ ಕತೆ, ಕೂಲಿಯವರ ಕತೆ ಎರಡೂ ಹೇಳಿದೆ. ಗೋಪಾಲಗೌಡರು ಮಾಡಿದ್ದು ಇದು, ಅವರಿಂದ ಆಗದೇ ಉಳಿದದ್ದು ಇದು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಈಗ ನಿಮ್ಮ ಕಡೆ ಎಂಎಲ್‌ಎ ಇದರ ಬಗ್ಗೆ ಏನಂತಾರೆ?" ಅಂದ.

ನಾನು ಯಾವತ್ತೂ ಅವರನ್ನ ಕೇಳೇ ಇಲ್ಲ. ಮುಂದಿನ ಸಲ ಮತ ಕೇಳೋಕೆ ಬಂದಾಗ ಕೇಳಬೇಕು ಅಂತ ಬರೆದಿಟ್ಟುಕೊಂಡಿದ್ದೀನಿ. ನನ್ನ ಓಟು ಇನ್ನೂ ಊರಲ್ಲೇ ಇದೆ.